ಸತ್ತ ಲೈನು

ಕಾರ್ಖಾನೆಯ ಚಾವಣಿ ಮೇಲಿನ ಸೋಲಾರ್ ಪ್ಯಾನೆಲ್ ತೊಳೆಯುವುದು ನನ್ನ ಕೆಲಸವಾಗಿತ್ತು. ನನ್ನ ಗಂಡ ಕರೆಂಟ್ ಕಂಬ ಹತ್ತುತ್ತಿದ್ದ. ಇಬ್ಬರೂ ಗುತ್ತಿಗೆ ಆಳುಗಳು. ಗುತ್ತಿಗೆದಾರರು ಬೇರೆ ಬೇರೆ, ಮೇಲಿನ ಕಂಪನಿ ಒಂದೇ. ಊರಿಗೆಲ್ಲ ಕರೆಂಟ್ ಕೊಡುವ ಕಂಪನಿ.

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಕೆಲಸದ ಜಾಗದಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೂಪರ್‌ವೈಸರ್‌ಗೆ ಅವನು ಮಂಗ. “ಎಲ್ಲೋ ಮಂಗ? ಹತ್ಸ್ರೋ ಅವನ್ನ” ಎನ್ನುತ್ತಿದ್ದ. ಏಣಿ ಬೇಡ, ಬೆಲ್ಟ್ ಬೇಡ, ಬರಿಗಾಲಲ್ಲಿ ಸರಸರ ಹತ್ತುತ್ತಾನೆ ಎಂದು ಹೊಗಳಿಕೆ. ಬೆಲ್ಟ್ ಬೇಡ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಅವರು ಕೊಟ್ಟಿರಲಿಲ್ಲ, ಅಷ್ಟೆ. ಅವನು ಮಾತ್ರ ಮನೆಗೆ ಬಂದು ನಗುತ್ತಿದ್ದ. “ಮಂಗನ ಹೆಂಡ್ತಿ ಏನಾಗ್ತಾಳೆ, ಹೇಳೇ” ಎಂದು ನನ್ನನ್ನು ಕೆಣಕುತ್ತಿದ್ದ. ಅತ್ತೆ ಒಲೆ ಮುಂದಿನಿಂದಲೇ, “ಮಂಗನ್ನ ಹೆತ್ತೋಳು ಏನಾಗ್ತಾಳೆ ಅಂತ ಮೊದ್ಲು ಹೇಳೋ” ಎನ್ನುತ್ತಿದ್ದಳು.

ಆ ವರ್ಷ ಕಂಪನಿ ಹೊಸದಾಗುತ್ತಿತ್ತು. ಮನೆಮನೆಯ ಹಳೆಯ ಮೀಟರ್ ಕಿತ್ತು ಹೊಸದು ಕೂರಿಸಿದರು. ಎಷ್ಟು ಚಾವಣಿಗಳ ಮೇಲೆ ಪ್ಯಾನೆಲ್ ಬಂತು ಎಂದು ಆಫೀಸಿನ ಗೇಟಿಗೆ ದೊಡ್ಡ ಬೋರ್ಡ್ ಹಾಕಿ, ವಾರಕ್ಕೊಮ್ಮೆ ಅಂಕಿ ಬದಲಿಸುತ್ತಿದ್ದರು. ಮುಂಚೆ ಒಂದು ಲೈನ್ ಬಂದ್ ಮಾಡಬೇಕಾದರೆ ಒಬ್ಬ ಮನುಷ್ಯ ಹೋಗಿ ಹ್ಯಾಂಡಲ್ ಎಳೆದು, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಈಗ ತಣ್ಣಗಿನ ಕೋಣೆಯಲ್ಲಿ ಕೂತವರು ಸ್ಕ್ರೀನ್ ಮೇಲೆ ಬೆರಳಿಟ್ಟರೆ ಸಾಕು, ಹತ್ತು ಮೈಲಿ ಆಚೆಯ ಸ್ವಿಚ್ ಬಿಚ್ಚಿಕೊಳ್ಳುತ್ತದೆ. ಆ ಹೊಸ ಸ್ವಿಚ್ಚುಗಳನ್ನು ಕಂಬದ ಮೇಲೆ ಕೂರಿಸುತ್ತಿದ್ದವರು ನನ್ನ ಗಂಡನಂಥವರು. ಕಂಬ ಹತ್ತುವ ಬಗೆ ಹೊಸದಾಗಲಿಲ್ಲ. ಅದೇ ಹಗ್ಗ, ಅದೇ ಬರಿಗಾಲು.

ನಮ್ಮ ಕೆಲಸವೂ ಹಾಗೇ. ಚಾವಣಿ ಮೇಲೆ ಎಂಟುನೂರ ನಲವತ್ತು ಪ್ಯಾನೆಲ್. ತೊಳೆಯಲು ನಾಲ್ಕು ಹೆಂಗಸರು. ಕಾರ್ಖಾನೆಗೆ ಲಿಫ್ಟ್ ಇತ್ತು, ನಮಗಲ್ಲ. ಹಿಂದಿನ ಗೇಟಿನಿಂದ ಬಂದು ಗೋಡೆಗೆ ಹೊಡೆದ ಕಬ್ಬಿಣದ ಏಣಿಯಲ್ಲಿ ಹತ್ತಬೇಕು, ಬೆನ್ನಿಗೆ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಕಟ್ಟಿಕೊಂಡು. ಗಾಜಿನ ಮೇಲೆ ಕಲೆ ಕೂರಬಾರದೆಂದು ಅದಕ್ಕೆ ಶುದ್ಧ ಮಾಡಿದ ನೀರು. ನಮಗೆ ಕುಡಿಯಲು ಹಿತ್ತಿಲ ನಲ್ಲಿಯ ನೀರು. ಒಮ್ಮೆ ಬಿಸಿಲು ತಾಳಲಾರದೆ ಒಬ್ಬಳು ಕ್ಯಾನಿನಿಂದ ಎರಡು ಗುಟುಕು ಕುಡಿದಳು. “ಅದು ಪ್ಯಾನೆಲ್‌ದು ಕಣಮ್ಮ, ನಿಂದಲ್ಲ” ಎಂದು ವಾಚ್‌ಮನ್ ಕೈಯಿಂದ ಕಸಿದುಕೊಂಡ. ಶೌಚಕ್ಕೆ ಒಳಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಹೊಟ್ಟೆ ಬಿಗಿಹಿಡಿದು ಉಜ್ಜುತ್ತಿದ್ದೆವು. ಚಪ್ಪಲಿಯ ಅಟ್ಟೆ ಕಾದು ಪಾದ ಬೊಬ್ಬೆಯೇಳುತ್ತಿತ್ತು. ರಟ್ಟೆ ರಾತ್ರಿ ಮಲಗಿದಾಗಲೂ ಆ ಉದ್ದ ಹಿಡಿಯ ಕುಂಚವನ್ನು ಎಳೆಯುತ್ತಲೇ ಇರುತ್ತಿತ್ತು.

ನಾಲ್ವರಲ್ಲಿ ಓದು ಬರಹ ಬರುತ್ತಿದ್ದವಳು ನಾನೊಬ್ಬಳೇ. ಏಳನೇ ಕ್ಲಾಸು. ಹಾಗಾಗಿ ತೊಳೆಯುವ ಪುಸ್ತಕ ನನ್ನ ಬಳಿ ಇರುತ್ತಿತ್ತು. ಏಣಿಯ ತಲೆಯ ಹತ್ತಿರ ಒಂದು ಪೆಟ್ಟಿಗೆ. ಎಷ್ಟು ಕರೆಂಟ್ ಹುಟ್ಟಿತು, ಎಷ್ಟು ಹೊರಗಿನ ಲೈನಿಗೆ ಹೋಯಿತು ಎಂಬ ಅಂಕಿಗಳನ್ನು ಅದು ತೋರಿಸುತ್ತಿತ್ತು. ಒಂದೊಂದು ಸಾಲು ತೊಳೆಯುವ ಮುಂಚೆ, ತೊಳೆದ ಮೇಲೆ, ಟೈಮು ಹಾಕಿ ಆ ಅಂಕಿ ಬರೆಯಬೇಕು. ನಾವು ಸರಿಯಾಗಿ ಉಜ್ಜಿದ್ದೇವೋ ಇಲ್ಲವೋ ಎಂದು ನೋಡಲು.

ಆ ದಿನ ನಾನು ಅವನನ್ನು ಚಾವಣಿಯಿಂದಲೇ ನೋಡಿದೆ. ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ನಮ್ಮ ಗೋಡೆಯಿಂದ ಮೂರನೆಯ ಕಂಬದ ಬುಡದಲ್ಲಿ ಅವರ ಗ್ಯಾಂಗ್ ನಿಂತಿತ್ತು. ಅವನು ತಲೆಯೆತ್ತಿ ನೋಡಿ, ಕೋತಿಯ ಹಾಗೆ ಕಂಕುಳು ಕೆರೆದುಕೊಂಡು ತೋರಿಸಿದ. ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ.

ಹತ್ತೂ ಮುಕ್ಕಾಲಿಗೆ ಓಣಿಯ ಲೈನ್ ಬಂದ್ ಆಗಿತ್ತು. ಹನ್ನೊಂದಕ್ಕೆ ನಾನು ಅಂಕಿ ಬರೆದುಕೊಂಡು ಹೊಸ ಸಾಲು ಹಿಡಿದೆ. ಕೆಳಗೆ ಕಾರ್ಖಾನೆಯ ಯಂತ್ರಗಳು ನಿಂತಿರಲಿಲ್ಲ. ಚಾವಣಿ ಅದುರುವುದು ಅಂಗಾಲಿಗೆ ತಿಳಿಯುತ್ತಿತ್ತು. ಹೊರಗೆ ಕರೆಂಟ್ ಹೋದರೂ ಯಂತ್ರ ನಿಲ್ಲಬಾರದೆಂದೇ ಪ್ಯಾನೆಲ್ಲಿನ ಜೊತೆ ದೊಡ್ಡ ಬ್ಯಾಟರಿ ಹಾಕಿಸಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಹೊರಗಿನ ಕರೆಂಟ್ ಹೋದ ಕ್ಷಣ ಕಾರ್ಖಾನೆಯನ್ನು ಬೀದಿಯ ಲೈನಿನಿಂದ ತಾನಾಗಿಯೇ ಬೇರ್ಪಡಿಸುವ ಒಂದು ಸ್ವಿಚ್ ಇರಬೇಕಂತೆ. ಅದನ್ನು ಗೋಡೆಗೆ ಜಡಿದಿದ್ದರು. ವೈರ್ ಕೊಟ್ಟಿರಲಿಲ್ಲ. ಬೋರ್ಡಿನ ಅಂಕಿ ಏರಿಸುವ ಆತುರದಲ್ಲಿ ಇಂಜಿನಿಯರ್ ಸಾಹೇಬರು ಆಫೀಸಿನಲ್ಲಿ ಕೂತೇ ‘ಪರೀಕ್ಷಿಸಲಾಗಿದೆ’ ಎಂದು ಸಹಿ ಹಾಕಿದ್ದರು.

ಕಂಬದ ಬುಡದಲ್ಲಿ ಹಗ್ಗದಣ್ಣ ಫೋನಿನಲ್ಲಿ ಮಾತಾಡುತ್ತಿದ್ದ. ನನ್ನ ಗಂಡನಿಗೆ ಕೆಳಗಿನಿಂದ ಹಗ್ಗ ಹಿಡಿಯುವವನು ಅವನು, ಹದಿನಾಲ್ಕು ವರ್ಷದ ಜೊತೆ. ಅವನು ಆಗ ಕೇಳುತ್ತಿದ್ದದ್ದು ಅರ್ಥ್ ರಾಡ್. ತುದಿಗೆ ಕೊಕ್ಕೆ ಇರುವ ಉದ್ದನೆಯ ಕೋಲು. ಅದರಿಂದ ಒಂದು ದಪ್ಪ ತಂತಿ ನೆಲಕ್ಕಿಳಿಯುತ್ತದೆ. ಕೆಲಸ ಶುರು ಮಾಡುವ ಮುಂಚೆ ಲೈನಿಗೆ ಆ ಕೊಕ್ಕೆ ಸಿಕ್ಕಿಸಿದರೆ, ಎಲ್ಲಿಂದ ಕರೆಂಟ್ ನುಗ್ಗಿದರೂ ಮನುಷ್ಯನನ್ನು ಬಿಟ್ಟು ಮಣ್ಣಿಗೆ ಹೋಗುತ್ತದೆ. ಐದು ಗ್ಯಾಂಗಿಗೆ ಎರಡು ರಾಡ್ ಇದ್ದವು.

“ರಾಡ್ ಇನ್ನೊಂದು ಗ್ಯಾಂಗ್ ಹತ್ರ ಇದೆ ಕಣಯ್ಯ” ಎಂದಿದ್ದ ಸೂಪರ್‌ವೈಸರ್. “ಸ್ಕ್ರೀನ್ ಮೇಲೆ ಲೈನ್ ಸತ್ತಿದೆ. ನಾನೇ ನೋಡ್ತಾ ಇದೀನಿ. ಹತ್ಸು ಮಂಗನ್ನ. ಮಧ್ಯಾಹ್ನದೊಳಗೆ ಸ್ವಿಚ್ ಕೂರ್ಬೇಕು.”

ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಸಾಲು ಮುಗಿಸಿ, ಹನ್ನೊಂದೂವರೆಗೆ ಅಂಕಿ ಬರೆದು, ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ.

ಪಟಾರ್ ಎಂದಿತು. ತಿರುಗಿ ನೋಡಿದೆ. ಅವನ ಎರಡೂ ಕೈ ತಂತಿಯ ಮೇಲಿದ್ದವು. ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಹೊಗೆ ಏಳುತ್ತಿತ್ತು. ಅದು ಕೈಯಿಂದ ಏಳುತ್ತಿದೆ ಎಂದು ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು.

“ಲೈನ್ ಜೀವಂತ ಇದೆ! ಯಾರೂ ಮುಟ್ಬೇಡಿ! ಎಲ್ಲಿಂದ ಬರ್ತಾ ಇದ್ಯೋ ಇದು!” ಹಗ್ಗದಣ್ಣ ಬಾಯಿ ಬಡಿದುಕೊಳ್ಳುತ್ತಿದ್ದ.

ನನ್ನ ಅಂಗಾಲ ಕೆಳಗೆ ಚಾವಣಿ ಅದುರುತ್ತಿತ್ತು. ಆ ಕಂಬದಿಂದ ಹೊರಟ ತಂತಿ ಎರಡು ಕಂಬ ದಾಟಿ ನೇರ ನಮ್ಮ ಗೋಡೆಗೆ ಬರುತ್ತಿತ್ತು. ನನಗೆ ಯಾರೂ ಹೇಳಿಕೊಡಲಿಲ್ಲ. ಓಡಿದೆ. ಪೆಟ್ಟಿಗೆಯ ಪಕ್ಕದಲ್ಲಿ ಪ್ಯಾನೆಲ್, ಬ್ಯಾಟರಿ ಎರಡನ್ನೂ ಬಂದ್ ಮಾಡುವ ಕೆಂಪು ಹ್ಯಾಂಡಲ್ ಇತ್ತು. ಮುಟ್ಟಿದರೆ ಕೆಲಸ ಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಎರಡೂ ಕೈಯಿಂದ ಜಗ್ಗಿ ಕೆಳಗೆಳೆದೆ. ಚಾವಣಿಯ ಅದುರು ನಿಂತಿತು. ಓಣಿಯಲ್ಲಿ ನನ್ನ ಗಂಡನ ಕೈ ತಂತಿ ಬಿಟ್ಟಿತು. ಹಗ್ಗದಲ್ಲಿ ಜೋತುಬಿದ್ದ.

ಏಣಿ ಹೇಗಿಳಿದೆನೋ ಗೊತ್ತಿಲ್ಲ. ಗೇಟಿನಲ್ಲಿ ಫ್ಲೋರ್ ಮ್ಯಾನೇಜರ್ ಅಡ್ಡ ನಿಂತ. “ಯಾರನ್ನ ಕೇಳಿ ಆಫ್ ಮಾಡ್ದೆ? ಅರ್ಧ ಮಾಲು ಹಾಳಾಯ್ತು ಗೊತ್ತಾ?” ಎಂದು ಕೂಗಿದ. ಅವನನ್ನು ತಳ್ಳಿ ಓಡಿದೆ.

ಎಡಗೈಯನ್ನು ಭುಜದಿಂದ ತೆಗೆದರು. ಬಲಗೈಯನ್ನು ಮೊಣಕೈಯಿಂದ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಕೇಳಿದ ಮೊದಲ ಮಾತು, “ಸ್ವಿಚ್ ಕೂರಿಸಿದ್ರಾ?” ಎಂದು.

ಒಂಬತ್ತನೇ ದಿನ ಸೂಪರ್‌ವೈಸರ್ ಬಂದ. ಕೈಯಲ್ಲಿ ಹಣ್ಣಿನ ಚೀಲ, ಕಂಕುಳಲ್ಲಿ ಫೈಲು. ಹಣ್ಣನ್ನು ಅತ್ತೆಯ ಕೈಗೆ ಕೊಟ್ಟ, ಕಾಗದವನ್ನು ನನ್ನ ಕೈಗೆ.

“ಇದೊಂದು ಫಾರ್ಮಾಲಿಟಿ ಕಣಮ್ಮ. ಮುಂದಿನ ವಾರ ಎನ್‌ಕ್ವೈರಿ ಇದೆ. ಅವತ್ತು ಆ ಟೈಮಲ್ಲಿ ತೊಳೆಯೋಕೆ ಅಂತ ಪ್ಯಾನೆಲ್ ಎಲ್ಲ ಆಫ್ ಮಾಡಿದ್ವಿ ಅಂತ ನೀನು ಹೇಳಿದ್ರೆ ಆಯ್ತು. ಇವನಿಗೆ ಕೃತಕ ಕೈ ಹಾಕಿಸ್ತಾರೆ. ನಿನಗೆ ಆಫೀಸಲ್ಲೇ ಪರ್ಮನೆಂಟ್ ಕೆಲಸ. ಫ್ಯಾನ್ ಕೆಳಗೆ.”

ನಾನು ಓದಿದೆ. ನನ್ನ ಹೆಸರಲ್ಲಿ ಅವನು ಹೇಳಿದ್ದಷ್ಟೇ ಇರಲಿಲ್ಲ. ‘ನನ್ನ ಪತಿಯು ಮದ್ಯವ್ಯಸನಿಯಾಗಿದ್ದು, ಅಂದು ಬೆಳಿಗ್ಗೆಯೂ ಕುಡಿದು ಕೆಲಸಕ್ಕೆ ಹೋಗಿದ್ದು, ಅನುಮತಿ ಇಲ್ಲದೆ ಕಂಬ ಹತ್ತಿ ಪಕ್ಕದ ಬೇರೆ ಲೈನನ್ನು ಮುಟ್ಟಿರುತ್ತಾರೆ.’

“ಇವನು ಕುಡಿಯಲ್ಲ” ಎಂದೆ.

“ಬರೆಯೋಕೆ ಏನಮ್ಮ? ಯಾರಿಗೂ ನಷ್ಟ ಇಲ್ಲ.” ಮೆಲ್ಲಗೆ ಕೇಳಿದ, “ಆ ತೊಳೆಯೋ ಪುಸ್ತಕ ಎಲ್ಲಿದೆ?”

“ಆ ಗಡಿಬಿಡೀಲಿ ಎಲ್ಲಿ ಬಿತ್ತೋ.”

ಪುಸ್ತಕ ಅತ್ತೆಯ ಬಟ್ಟೆಗಂಟಿನಲ್ಲಿತ್ತು. ಯಾಕೆ ಬಚ್ಚಿಟ್ಟೆ ಎಂದು ನನಗೇ ಗೊತ್ತಿರಲಿಲ್ಲ. ಮೇಲಿನವರು ಬೇಡಿದ್ದನ್ನು ಕೂಡಲೇ ಕೊಡಬಾರದು ಎಂಬುದು ನಮ್ಮಂಥವರಿಗೆ ಹಾಲಿನ ಜೊತೆ ಬಂದ ಬುದ್ಧಿ.

ಅವನು ಹೋದ ಮೇಲೆ ನನ್ನ ಗಂಡ ಗೋಡೆ ನೋಡುತ್ತ ಹೇಳಿದ, “ಹಾಕ್ಬಿಡು ಸಹಿ.”

“ಕುಡುಕ ಅಂತ ಬರ್ದಿದಾರೆ ಕಣೋ!” ಅತ್ತೆ ಎದ್ದು ನಿಂತಳು. “ನಿಮ್ಮಪ್ಪ ಕುಡ್ದು ಕುಡ್ದೇ ಸತ್ತ. ಅವನ ಹೆಣದ ಮುಂದೆ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ, ಮುಟ್ಟಲ್ಲ ಅಂತ. ಮುಟ್ಟಿಲ್ಲ ನೀನು. ಈಗ ಇವಳ ಕೈಲಿ ಬರೆಸಿ ಕೊಡ್ತೀಯಾ?”

“ಆಣೆ ಮಾಡಿದ ಕೈಯೇ ಇಲ್ವಲ್ಲಮ್ಮ.”

ಅತ್ತೆ ಕುಸಿದು ಕುಳಿತಳು. ನಾನು ಅವನ ಮಂಚದ ಪಕ್ಕ ಹೋದೆ.

“ಸತ್ಯ ಹೇಳಿದ್ರೆ ಕೈ ಚಿಗುರುತ್ತೇನೇ?” ಎಂದ. “ನಾಳೆ ನನ್ನ ಮೂಗಿನ ಮೇಲೆ ನೊಣ ಕೂತ್ರೆ ನೀನು ಬಂದು ಓಡಿಸ್ಬೇಕು. ಕುಂಡಿ ತೊಳೆಯೋಕೂ ನೀನೇ ಬೇಕು. ಅವರು ಕೈ ಕೊಡ್ತಾರಂತೆ. ರಬ್ಬರ್‌ದೋ ಕಬ್ಬಿಣದ್ದೋ. ಕುಡುಕ ಅಂದ್ಕೊಳ್ಲಿ. ಮಂಗ ಅಂತಿರ್ಲಿಲ್ವಾ?”

ಮೂರು ದಿನ ಆ ಕಾಗದವನ್ನು ಮಡಚಿ ಬಿಚ್ಚಿ ನೋಡಿದೆ. ಸಹಿ ಹಾಕುವುದೆಂದೇ ತೀರ್ಮಾನಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಸತ್ಯ ಎನ್ನುವುದು ಎರಡು ಕೈ ಇದ್ದವರ ಸೊತ್ತು ಎಂದುಕೊಂಡೆ. ಆದರೂ ಹೊರಡುವಾಗ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎನ್‌ಕ್ವೈರಿ ಕೋಣೆಯಲ್ಲಿ ದೊಡ್ಡ ಮೇಜು. ಆ ಕಡೆ ಮುಖ್ಯ ಕಚೇರಿಯಿಂದ ಬಂದ ಮೇಡಂ. ಪಕ್ಕದಲ್ಲಿ ಇಂಜಿನಿಯರ್ ಸಾಹೇಬರು, ಸೂಪರ್‌ವೈಸರ್. ಈ ಕಡೆ ಎರಡು ಖಾಲಿ ಕುರ್ಚಿ ಇದ್ದವು. ಕೂರು ಎಂದು ಯಾರೂ ಹೇಳಲಿಲ್ಲ. ನಾನು, ಹಗ್ಗದಣ್ಣ ಗೋಡೆಗೆ ಒರಗಿ ನಿಂತೆವು.

ಮೊದಲು ಅವನನ್ನು ಕರೆದರು. ಹದಿನಾಲ್ಕು ವರ್ಷ ಹಗ್ಗ ಹಿಡಿದವನು ನೆಲ ನೋಡುತ್ತ ಪಾಠ ಒಪ್ಪಿಸಿದ. “ಅವನು ಬೆಳಿಗ್ಗೆಯಿಂದ್ಲೇ ಕುಡ್ದಿದ್ದ ಮೇಡಂ. ನಾನು ಬೇಡ ಅಂದೆ. ಕೇಳ್ಲಿಲ್ಲ.” ಸಹಿ ಹಾಕಿದ. ನನ್ನ ಕಡೆ ತಿರುಗಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮುಂದಿನ ಸರದಿ ನನ್ನದೇ ಆಗಿತ್ತಲ್ಲ.

ಪೆನ್ನು ಕೊಟ್ಟರು. ಕಾಗದ ಮೇಜಿನ ಮೇಲಿತ್ತು. ಬಗ್ಗಿದೆ. ಹೆಸರಿನ ಮೊದಲ ಅಕ್ಷರ ಬರೆದೂ ಬಿಟ್ಟಿದ್ದೆ.

ಇಂಜಿನಿಯರ್ ಸಾಹೇಬರು ಮೇಡಂ ಕಡೆ ವಾಲಿ ಸಣ್ಣಗೆ ನಕ್ಕರು. ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. “ಈ ಜನಕ್ಕೆ ಬೆಳಿಗ್ಗೆ ಎದ್ದ ತಕ್ಷಣ ಅದು ಬೇಕೇ ಬೇಕು ಮೇಡಂ. ರಕ್ತದಲ್ಲೇ ಬಂದಿರೋದು. ನಾವು ಏನು ಮಾಡೋಕಾಗುತ್ತೆ?”

ಪೆನ್ನು ನಿಂತಿತು.

ಈ ಜನ. ಆ ಎರಡು ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಹಿಂದಿನ ಗೇಟಿನಲ್ಲಿ, ನಲ್ಲಿಯ ಬಳಿ, ಶಾಲೆಯ ಕೊನೆಯ ಬೆಂಚಿನಲ್ಲಿ. ಯಾವತ್ತೂ ಹೀಗೆ ಮೈ ಸುಟ್ಟಿರಲಿಲ್ಲ. ನನ್ನ ಗಂಡನ ಕೈ ಸುಟ್ಟವನು ಈಗ ಅವನ ರಕ್ತಕ್ಕೂ ಕೈ ಹಾಕುತ್ತಿದ್ದ. ನಾನು ಆ ಒಂದು ಅಕ್ಷರವನ್ನು ಗೀಚಿ ಹೊಡೆದೆ. ಕಾಗದ ಹರಿಯಿತು.

“ನಾನು ಸಹಿ ಹಾಕಲ್ಲ.”

“ಏಯ್” ಎಂದ ಸೂಪರ್‌ವೈಸರ್.

“ಹಾಕಲ್ಲ. ನನ್ನ ಗಂಡ ಕುಡಿಯಲ್ಲ. ಪ್ಯಾನೆಲ್ ಆಫ್ ಆಗಿರ್ಲಿಲ್ಲ. ಆಫ್ ಮಾಡಿದ್ದು ನಾನು, ಅವನ ಕೈ ಸುಡೋವಾಗ. ಕೆಂಪು ಹ್ಯಾಂಡಲ್ ಎಳೆದೆ, ಆಮೇಲೆ ಅವನ ಕೈ ಬಿಡ್ತು. ಬೇರೆ ಲೈನ್ ಆಗಿದ್ರೆ ನಾನು ಎಳೆದಿದ್ದಕ್ಕೆ ಅದ್ಯಾಕೆ ಬಿಡ್ಬೇಕು? ಅರ್ಧ ಮಾಲು ಹಾಳಾಯ್ತು ಅಂತ ಮ್ಯಾನೇಜರ್ ನನಗೆ ಬೈದ. ಪ್ಯಾನೆಲ್ ಆಫ್ ಇದ್ದಿದ್ರೆ ಮಾಲು ಹೇಗೆ ಹಾಳಾಗುತ್ತೆ?”

“ಮೇಡಂ, ದುಃಖದಲ್ಲಿ ಏನೇನೋ...” ಎಂದರು ಇಂಜಿನಿಯರ್ ಸಾಹೇಬರು.

ನಾನು ಸೊಂಟದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಹಾಕಿದೆ. ಮೇಜಿನ ಮೇಲೆ ಧೂಳು ಹಾರಿತು. ಆ ದಿನದ ಪುಟ ತೆಗೆದೆ. 

“ಓದಿ ಮೇಡಂ. ಹತ್ತೂ ಮುಕ್ಕಾಲಿಗೆ ಲೈನ್ ಸತ್ತಿದೆ ಅಂತ ಇವರ ಸ್ಕ್ರೀನೇ ಹೇಳುತ್ತೆ. ಹನ್ನೊಂದಕ್ಕೆ ಹೊರಗೆ ಹೋದ ಯೂನಿಟ್ಟು ಇಷ್ಟು. ಹನ್ನೊಂದೂವರೆಗೆ ಇಷ್ಟು. ಏಳು ಜಾಸ್ತಿ. ಸತ್ತ ಲೈನಿಗೆ ಏಳು ಯೂನಿಟ್ ಹೇಗೆ ಹೋಗುತ್ತೆ? ಯಾರು ತಗೊಂಡ್ರು ಅದನ್ನ?”

ಮೇಡಂ ಕನ್ನಡಕ ಹಾಕಿಕೊಂಡರು. ಎರಡು ಸಲ ಓದಿದರು. ಆಮೇಲೆ ಪಕ್ಕಕ್ಕೆ ತಿರುಗದೆಯೇ ಕೇಳಿದರು, “ಮೀಟರ್ ಡೇಟಾ ಎಲ್ಲಿ?”

“ಆ ದಿನದ್ದು ಸರ್ವರ್‌ಗೆ ಬಂದಿಲ್ಲ ಮೇಡಂ. ನೆಟ್‌ವರ್ಕ್ ಇರ್ಲಿಲ್ಲ.”

“ಮೀಟರ್ ಒಳಗೇ ಉಳಿದಿರುತ್ತಲ್ರೀ. ಹದಿನೈದು ನಿಮಿಷಕ್ಕೊಂದು ರೀಡಿಂಗ್. ಅದಕ್ಕೇ ಅಲ್ವಾ ಹೊಸ ಮೀಟರ್ ಹಾಕಿರೋದು? ಈಗಲೇ ಹೋಗಿ ಇಳಿಸ್ಕೊಂಡು ಬನ್ನಿ. ನೀವಲ್ಲ, ನನ್ನ ಜೊತೆ ಬಂದವರು ಹೋಗ್ತಾರೆ.”

ಗೋಡೆಯ ಕಡೆಯಿಂದ ದನಿ ಬಂತು. “ಮೇಡಂ, ನಂದೂ ವಾಪಸ್ ಕೊಟ್ಬಿಡಿ.” ಹಗ್ಗದಣ್ಣ ಅಳುತ್ತಿದ್ದ. “ಅವನು ಕುಡಿದಿರ್ಲಿಲ್ಲ. ನಾನು ರಾಡ್ ಕೇಳ್ದೆ, ಇವರು ಕೊಡ್ಲಿಲ್ಲ. ಸ್ಕ್ರೀನ್ ನೋಡ್ಕೊಂಡು ಹತ್ಸು ಅಂದ್ರು. ನಾನೇ ಹತ್ತಿಸ್ದೆ. ನಾನೇ...”

ನಾನು ಒಂದು ಕುರ್ಚಿ ಎಳೆದು ಅವನನ್ನು ಕೂರಿಸಿದೆ. ಇನ್ನೊಂದರಲ್ಲಿ ನಾನು ಕೂತೆ. ಯಾರೂ ಏಳು ಎನ್ನಲಿಲ್ಲ.

ಸತ್ಯ ಗೆದ್ದಿತು ಎಂದು ಹೇಳಲು ಇದು ಕತೆಯಲ್ಲ. ಮಾರನೆಯ ದಿನ ಹಿಂದಿನ ಗೇಟಿನಲ್ಲಿ ವಾಚ್‌ಮನ್ ನನ್ನನ್ನು ತಡೆದ. “ನಿನ್ನ ಹೆಸರು ಹೊಡೆದಿದಾರೆ” ಎಂದ. ಉಳಿದ ಮೂವರು ಹೆಂಗಸರು ಏಣಿಯ ಮೇಲಿಂದ ನನ್ನನ್ನು ನೋಡಿ ತಲೆ ತಗ್ಗಿಸಿ ಹತ್ತಿದರು. ಮನೆಗೆ ಬಂದರೆ ಗಂಡ ಮಾತು ಬಿಟ್ಟಿದ್ದ. ಕೃತಕ ಕೈಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನು ಬೇರೆಯವರ ಮನೆಗಳಲ್ಲಿ ಪಾತ್ರೆ ತಿಕ್ಕುವ ಕೆಲಸ ಹಿಡಿದೆ. ಬೆಳಿಗ್ಗೆ ಅವನಿಗೆ ಹಲ್ಲು ಉಜ್ಜಿ, ಮೈ ತೊಳೆದು, ಅಂಗಿ ಹಾಕಿ, ಗುಂಡಿ ಸಿಕ್ಕಿಸಿ, ಅನ್ನ ತಿನ್ನಿಸಿ ಹೋಗುತ್ತಿದ್ದೆ. ಬಾಯಿ ತೆರೆಯುತ್ತಿದ್ದ, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನನ್ನ ಮುಖ ನೋಡದೆ ನನ್ನ ಕೈತುತ್ತು ತಿನ್ನುವುದು ಅವನು ಕಂಡುಕೊಂಡ ದಾರಿ. ಒಂದು ದಿನ ತಟ್ಟೆಯನ್ನು ಕಾಲಿನಿಂದ ಒದ್ದ. ಅತ್ತೆ ಚೆಲ್ಲಿದ ಅನ್ನ ಬಳಿಯುತ್ತ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರೆ ಅಂತ ಕೇಳಿದ್ದೆ. ನೀನು ಉಣ್ಣಿಸೋಳನ್ನೇ ಒದೀತೀಯಲ್ಲೋ” ಎಂದಳು. ಅವನು ಅವತ್ತು ಗೋಡೆಗೆ ತಲೆ ಕೊಟ್ಟು ಅತ್ತ. ಕಣ್ಣೀರನ್ನು ನಾನೇ ಒರೆಸಿದೆ.

ನಾಲ್ಕು ತಿಂಗಳ ಮೇಲೆ ವರದಿ ಬಂತು. ಹಗ್ಗದಣ್ಣ ತಂದುಕೊಟ್ಟ. ನಾನು ಓದಿದೆ. ‘ಗ್ರಾಹಕರ ಸೌರ ಘಟಕದಿಂದ ವಿದ್ಯುತ್ ಹಿಮ್ಮುಖವಾಗಿ ಹರಿದು ಅವಘಡ ಸಂಭವಿಸಿದೆ. ಕಾರ್ಮಿಕನ ತಪ್ಪು ಕಂಡುಬಂದಿಲ್ಲ.’ ಯಾರ ತಪ್ಪು ಎಂದು ಬರೆದಿರಲಿಲ್ಲ. ಇಂಜಿನಿಯರ್ ಸಾಹೇಬರನ್ನು ಬೇರೆ ಊರಿಗೆ ಹಾಕಿದ್ದರು, ಬಡ್ತಿ ಕೊಟ್ಟು.

“ಆ ಕೊನೇ ಸಾಲು ಇನ್ನೊಂದ್ಸಲ ಓದು” ಎಂದ ಗಂಡ. ಓದಿದೆ. ಮತ್ತೆ ಓದಿಸಿದ. ಆಮೇಲೆ ಅವನು ಉಣ್ಣುವಾಗ ಕಣ್ಣು ತೆರೆದುಕೊಂಡಿರುತ್ತಿದ್ದ.

ಇನ್ನೂ ಒಂದು ತಿಂಗಳು ಕಳೆಯಿತು. ಒಂದು ಸಂಜೆ ಹೊಸ ಇಂಜಿನಿಯರ್ ನಮ್ಮ ಮನೆ ಹುಡುಕಿಕೊಂಡು ಬಂದರು. ಎಳೆಯ ವಯಸ್ಸು, ಒಳ್ಳೆಯ ಮಾತು. ಹೊಸ್ತಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದರು. ನಮ್ಮ ಮನೆಗೆ ಅಂಥವರು ಬೂಟು ಬಿಚ್ಚಿ ಬಂದದ್ದು ಅದೇ ಮೊದಲು. ಅತ್ತೆ ಚಹಾ ಇಟ್ಟಳು.

“ಮುಂದಿನ ವಾರ ಸುರಕ್ಷತಾ ಸಪ್ತಾಹ” ಎಂದರು. “ದೊಡ್ಡ ಸಾಹೇಬರು ಬರ್ತಾರೆ. ಲೈನ್ ಕೆಲಸದವರಿಗೆಲ್ಲ ರಬ್ಬರ್ ಕೈಗವಸು, ಅರ್ಥ್ ರಾಡ್ ಹಂಚ್ತೀವಿ. ನೀವು ವೇದಿಕೆ ಮೇಲೆ ಕೂತಿರ್ಬೇಕು. ನಿಮ್ಮನ್ನ ನೋಡಿದ್ರೆ ಎಲ್ಲರಿಗೂ ಎಚ್ಚರ ಬರುತ್ತೆ. ಮೊದಲನೇ ಜೊತೆ ಗವಸು ನಿಮ್ಮ ಕೈಯಿಂದ್ಲೇ ಕೊಡಿಸ್ಬೇಕು ಅಂತ...”

ಅಲ್ಲಿಗೆ ನಿಲ್ಲಿಸಿದರು. ಮುಖ ಕೆಂಪಾಯಿತು. “ಕ್ಷಮಿಸಿ. ಬಾಯ್ತಪ್ಪಿ ಬಂತು.”

“ಇರ್ಲಿ ಸಾರ್” ಎಂದ ನನ್ನ ಗಂಡ. “ಎಷ್ಟು ರಾಡ್ ಬಂದಿವೆ?”

“ಅರವತ್ತು. ಒಳ್ಳೇ ಮಾಲು.”

“ಯಾವಾಗ ಬಂದ್ವು?”

“ಬಂದು ಎಂಟು ತಿಂಗಳಾಯ್ತು. ಸ್ಟೋರಲ್ಲಿದ್ವು. ದೊಡ್ಡೋರ ಡೇಟ್ ಸಿಗ್ಬೇಕಲ್ಲ, ಅದಕ್ಕೆ ಹಂಚಿರ್ಲಿಲ್ಲ.”

ಒಲೆಯ ಮೇಲೆ ಚಹಾ ಉಕ್ಕಿತು. ಅತ್ತೆ ಇಳಿಸಲಿಲ್ಲ. ಅವನ ಕೈ ಹೋಗಿ ಐದೂವರೆ ತಿಂಗಳಾಗಿತ್ತು. ಲೆಕ್ಕ ಇಂಜಿನಿಯರ್ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಹೊಳೆದಿತ್ತು. ಆಮೇಲೆ ಅವರಿಗೂ ಹೊಳೆಯಿತು. ಮಾತಿನ ಜೊತೆ ಆಡಿಸುತ್ತಿದ್ದ ಕೈ ಹಾಗೇ ಇಳಿಯಿತು.

ನನ್ನ ಗಂಡ ಎದ್ದ. ಕೈಯೂರಲಾಗದವನು ಕೂತಲ್ಲಿಂದ ಏಳುವುದು ಸುಲಭವಲ್ಲ. ಗೋಡೆಗೆ ಬೆನ್ನು ಒತ್ತಿ, ಕಾಲು ಬಿಗಿದು, ತೆವಳಿದ ಹಾಗೆ ಮೇಲೆದ್ದ. ನಾನು ಹಿಡಿಯಲು ಹೋದೆ. “ಬೇಡ” ಎಂದ.

“ನಾನು ಬರಲ್ಲ ಸಾರ್. ನಿಮ್ಮ ವೇದಿಕೆ ಮೇಲೆ ಕೂರಲ್ಲ. ನೀವು ಒಳ್ಳೇವ್ರ ಥರ ಕಾಣ್ತೀರಿ, ಚಹಾ ಕುಡ್ದು ಹೋಗಿ. ಆದ್ರೆ ಹೋಗಿ.”

ಅವರು ಕುಡಿಯದೆ ಹೋದರು. ಅವನು ನನ್ನ ಕಡೆ ತಿರುಗಿದ. “ಹಗ್ಗದಣ್ಣನ್ನ ಕರಿ. ಎಲ್ಲರನ್ನೂ ಕರೀಬೇಕು ಅಂತ ಹೇಳು.”

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ನಾವು ಕಂಪನಿಯ ಸ್ಟೋರ್ ಮುಂದೆ ಸೇರಿದೆವು. ಐದು ಗ್ಯಾಂಗಿನವರು, ಮೂವತ್ತೆಂಟು ಜನ. ನನ್ನ ಜೊತೆ ಪ್ಯಾನೆಲ್ ತೊಳೆಯುತ್ತಿದ್ದ ಮೂವರೂ ಬಂದಿದ್ದರು. ನನ್ನ ಗಂಡ ಮುಂದೆ ನಿಂತಿದ್ದ, ಅಂಗಿಯ ತೋಳುಗಳನ್ನು ನಾನು ಮಡಚಿ ಪಿನ್ ಹಾಕಿದ್ದೆ. ಘೋಷಣೆ ಕೂಗಲಿಲ್ಲ. ಕೂಗುವುದು ನಮಗೆ ಅಭ್ಯಾಸವಿರಲಿಲ್ಲ. ಸುಮ್ಮನೆ ನಿಂತೆವು.

ಅವತ್ತು ಬೆಳಗಿನ ಗಾಳಿಗೆ ಎರಡು ಕಡೆ ಲೈನ್ ಹರಿದಿತ್ತು. ಅರ್ಧ ಊರಿಗೆ ಕರೆಂಟ್ ಇರಲಿಲ್ಲ. ಸೂಪರ್‌ವೈಸರ್ ಬೈಕಿನಲ್ಲಿ ಧಾವಿಸಿ ಬಂದ.

“ಇಲ್ಲೇನ್ರೋ ಜಾತ್ರೆ? ಆಫೀಸಿಗೆ ಫೋನ್ ಮೇಲೆ ಫೋನ್ ಬರ್ತಾ ಇದೆ. ನಡೀರಿ ಕೆಲಸಕ್ಕೆ!”

“ರಾಡ್ ಕೊಡಿ, ಹೋಗ್ತೀವಿ” ಎಂದ ಹಗ್ಗದಣ್ಣ.

“ಲೈನ್ ಬಂದ್ ಮಾಡ್ಸಿದೀನಿ. ಸ್ಕ್ರೀನ್ ಮೇಲೆ ಸತ್ತಿದೆ ಅಂತ ತೋರಿಸ್ತಾ ಇದೆ.”

“ಹಾಗಾದ್ರೆ ಸ್ಕ್ರೀನನ್ನೇ ಹತ್ಸಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸೂಪರ್‌ವೈಸರ್ ಒಬ್ಬೊಬ್ಬರ ಮುಖ ನೋಡಿದ. ನಾಳೆಯಿಂದ ಬರಬೇಡಿ ಎಂದ. ಬೇರೆ ಊರಿನಿಂದ ಆಳು ತರಿಸುತ್ತೇನೆ ಎಂದ. ಪೊಲೀಸ್ ಎಂದ. ಯಾರೂ ಅಲುಗಲಿಲ್ಲ. ನನ್ನ ಗಂಡನ ಮುಂದೆ ಬಂದು ದನಿ ಇಳಿಸಿದ. “ನೀನಾದ್ರೂ ಹೇಳೋ ಇವರಿಗೆ.”

“ಹೇಳಿದೀನಿ” ಎಂದ ನನ್ನ ಗಂಡ. “ಅದಕ್ಕೇ ಬಂದಿದಾರೆ.”

ಒಂಬತ್ತಾಯಿತು. ಹತ್ತಾಯಿತು. ಬಿಸಿಲೇರಿತು. ಅತ್ತೆ ಕೊಡದಲ್ಲಿ ನೀರು ತಂದು ಎಲ್ಲರಿಗೂ ಕೊಟ್ಟಳು. ನನ್ನ ಗಂಡನಿಗೆ ನಾನು ಕುಡಿಸಿದೆ, ಅಷ್ಟು ಜನರ ಮುಂದೆ. ಅವನು ನಾಚಲಿಲ್ಲ. ಹೊಸ ಇಂಜಿನಿಯರ್ ದೂರದಲ್ಲಿ ಜೀಪಿನ ಪಕ್ಕ ನಿಂತು ಫೋನಿನಲ್ಲಿ ಯಾರೊಡನೆಯೋ ಬೇಡಿಕೊಳ್ಳುತ್ತಿದ್ದರು. “ಸರ್, ಕಾರ್ಯಕ್ರಮ ಆಮೇಲೆ ಮಾಡಬಹುದು ಸರ್... ಫೋಟೋ ಆಮೇಲೆ...” ಎನ್ನುವುದು ನಮಗೂ ಕೇಳಿಸುತ್ತಿತ್ತು.

ಸ್ಟೋರ್ ಕೀಪರ್ ಬಾಗಿಲ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ. ವಯಸ್ಸಾದವನು. “ನನಗೆ ಆರ್ಡರ್ ಬಂದಿಲ್ರಪ್ಪ” ಎಂದ. “ಸಾಹೇಬ್ರು ಬೈತಾರೆ.”

ನಾನು ಮುಂದೆ ಹೋದೆ. “ಬೈಲಿ ಬಿಡಿ ಅಪ್ಪಾಜಿ. ಬೈದ್ರೆ ಯಾರ ಕೈಯೂ ಹೋಗಲ್ಲ. ನೀವು ಬಾಗಿಲು ತೆಗೀರಿ.”

ಅವನು ನನ್ನನ್ನು ನೋಡಿದ. ನನ್ನ ಹಿಂದೆ ನಿಂತಿದ್ದ ನನ್ನ ಗಂಡನನ್ನು ನೋಡಿದ, ಬಹಳ ಹೊತ್ತು. ಬೀಗದ ಕೈ ತೆಗೆದ.

ರಾಡುಗಳು ಗೋಡೆಗೆ ಒರಗಿದ್ದವು, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಒಂದರ ಪಕ್ಕ ಒಂದು. ಪೆಟ್ಟಿಗೆಗಳಲ್ಲಿ ಕೈಗವಸು. ಯಾರೂ ನುಗ್ಗಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ತೆಗೆದುಕೊಂಡರು. ಪ್ಲಾಸ್ಟಿಕ್ ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನ್ನ ಗಂಡ ಬಾಗಿಲ ಪಕ್ಕ ನಿಂತು ಹೊರಗೆ ಬಂದ ಒಬ್ಬೊಬ್ಬನಿಗೂ, “ಕೊಕ್ಕೆ ನೋಡ್ಕೊ. ತಂತಿ ಬಿಗಿ ಇದ್ಯಾ ನೋಡ್ಕೊ. ಮೊದ್ಲು ನೆಲಕ್ಕೆ, ಆಮೇಲೆ ಲೈನಿಗೆ” ಎಂದು ಹೇಳಿ ಕಳಿಸಿದ. ಮೂವತ್ತೆಂಟು ಸಲ ಹೇಳಿದ.

ಆ ದಿನ ಊರಿಗೆ ಕರೆಂಟ್ ಬರಲು ಮಧ್ಯಾಹ್ನ ಮೂರಾಯಿತು. ಜನ ಬೈದರು. ಯಾರೂ ಸಾಯಲಿಲ್ಲ.